ಅಂಧ ಬಾಲಕರಿಗೆ ಪಂಕ್ತಿಯಲ್ಲಿ ಸ್ಥಾನ
(ಬಳ್ಳಿಗಾವೆಯ ಕೋಡಿಮಠದಿಂದ ಗದುಗಿನ ಪುಣ್ಯಾಶ್ರಮದವರೆಗೆ)

ಅನ್ನದಾನವು ಮಠಗಳಿಗೆ ಸಹಜಧರ್ಮವಾಗಿರುವದು. ಹಸಿದು ಬಂದವನಿಗೆ ಮೊದಲು ಪ್ರಸಾದವನ್ನಿತ್ತು, ಆಮೇಲೆ ಅವನ ಊರು ಹೆಸರುಗಳನ್ನು ಕೇಳುವ ಪದ್ಧತಿಯು ಕನ್ನಡ ನಾಡಿನ ಮಠಗಳಲ್ಲಿ ತಲೆಮಾರುಗಳಿಂದ ನಡೆದು ಬಂದಿರುವದು. ಆದರೆ ಅನ್ನವನ್ನು ನೀಡುವದು ಒಂದು. ಪಂಕ್ತಿಯಲ್ಲಿ ಸ್ಥಾನವನ್ನು ನೀಡುವದು ಮತ್ತೊಂದು. ಹೊರಬಾಗಿಲಲ್ಲಿ ಕುಳಿತವನ ಕೈಗಿಟ್ಟ ರೊಟ್ಟಿಯು ಅವನ ಹಸಿವೆಯನ್ನು ಕಳೆಯಬಹುದು. ತಾನು ಹೊರಗಿನವನೆಂಬ ಅವನ ಮನಸ್ಸಿನ ನೋವನ್ನು ಕಳೆಯಲಾರದು. ಕಣ್ಣು ಕಾಣದ, ಕಿವಿ ಕೇಳದ, ಕೈಕಾಲುಗಳು ನಡೆಯದ ಮಕ್ಕಳ ವಿಷಯದಲ್ಲಿ ಲೋಕವು ಬಹುಕಾಲ ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತಿತ್ತು. ಆ ಮರೆವನ್ನು ತಿದ್ದಿದ ಒಂದು ಮಹತ್ಕಾರ್ಯವು ಈ ನಾಡಿನಲ್ಲಿ ವಿರಕ್ತ ಸ್ವಾಮಿಗಳೊಬ್ಬರ ಕೃಪೆಯಿಂದ ಅಂಕುರಿಸಿ, ಇಬ್ಬರು ಅಂಧ ಮಹನೀಯರ ತಪಸ್ಸಿನಿಂದ ವೃಕ್ಷವಾಗಿ ಬೆಳೆಯಿತು. ಅದರ ಚರಿತ್ರೆಯನ್ನು ತಿಳಿಯುವದು ಮಠದ ಭಕ್ತರಿಗೂ ಶಿಷ್ಯರಿಗೂ ಅವಶ್ಯವಾದುದು.

ಪೂರ್ವಕಾಲದ ಸ್ಥಿತಿಯನ್ನು ಮೊದಲು ನೋಡತಕ್ಕದ್ದು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ದಾಯಭಾಗವನ್ನು ಹೇಳುವಾಗ, ಹುಟ್ಟು ಕುರುಡರು, ಕಿವುಡರು, ಮೂಕರು ಮೊದಲಾದವರಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲವೆಂದೂ, ಆದರೆ ಅವರಿಗೆ ಅನ್ನವಸ್ತ್ರಗಳನ್ನು ಶಕ್ತ್ಯನುಸಾರವಾಗಿ ಕೊಡಲೇಬೇಕೆಂದೂ ವಿಧಿಸಿದೆ. ಕೊಡದವನು ಪತಿತನಾಗುವನೆಂದೂ ಹೇಳಿದೆ. ಮಹಾಭಾರತದಲ್ಲಿ ಧೃತರಾಷ್ಟ್ರನು ಹಿರಿಯನಾಗಿದ್ದರೂ ಅಂಧನೆಂಬ ಕಾರಣದಿಂದ ಪಟ್ಟವು ತಮ್ಮನಾದ ಪಾಂಡುವಿಗೆ ಹೋಯಿತು. ಕೌಟಿಲ್ಯನ ಅರ್ಥಶಾಸ್ತ್ರವು ಇನ್ನೊಂದು ಬಗೆಯ ರಕ್ಷಣೆಯನ್ನು ಹೇಳಿರುವದು. ಕುರುಡನನ್ನು ಕುರುಡನೆಂದೂ ಕುಂಟನನ್ನು ಕುಂಟನೆಂದೂ ಹೀಯಾಳಿಸಿದವನಿಗೆ, ಆಡಿದ ಮಾತು ನಿಜವೇ ಆಗಿದ್ದರೂ, 3 ಪಣ ದಂಡ. ಸುಳ್ಳಾಗಿದ್ದರೆ 6 ಪಣ. ಕಣ್ಣಿಲ್ಲದವನಿಗೆ ನಿನ್ನ ಕಣ್ಣು ಚೆಲುವಾಗಿದೆಯೆಂದು ಹೊಗಳಿಕೆಯ ನೆಪದಲ್ಲಿ ಅಣಕಿಸಿದರೆ 12 ಪಣ. ಅಣಕದ ಹೊಗಳಿಕೆಯೇ ನೇರವಾದ ಬೈಗಳಿಗಿಂತ ಹೆಚ್ಚು ಚುಚ್ಚುವದೆಂಬದನ್ನು ಆ ರಾಜನೀತಿಜ್ಞನು ಚೆನ್ನಾಗಿ ಅರಿತಿದ್ದನು. ಹೀಗೆ ಪ್ರಾಚೀನ ಶಾಸ್ತ್ರಕಾರರು ಅಂಗವಿಕಲರಿಗೆ ಅನ್ನವನ್ನು ವಿಧಿಸಿದರು, ನಿಂದೆಯಿಂದ ರಕ್ಷಣೆಯನ್ನು ವಿಧಿಸಿದರು. ಆದರೆ ಪಾಲನ್ನು ವಿಧಿಸಲಿಲ್ಲ. ಉಣಿಸಿ ದೂರವಿಡುವ ಈ ನೀತಿಯೇ ಮುಂದೆ ಜನರ ರೂಢಿಯಾಗಿ ನಿಂತಿತು.

ಕನ್ನಡ ನಾಡಿನ ಶಿಲಾಶಾಸನವೊಂದರಲ್ಲಿ ಈ ವಿಷಯವು ಸ್ಪಷ್ಟವಾಗಿ ಕಾಣಬರುವದು. ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯಲ್ಲಿ, ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಮಠವೆಂಬ ಕಾಳಾಮುಖ ಶೈವರ ಮಠವು ಒಂದು ಕಾಲಕ್ಕೆ ದೊಡ್ಡ ವಿದ್ಯಾಕೇಂದ್ರವಾಗಿದ್ದಿತು. ಬಿಜ್ಜಳನ ಆಳಿಕೆಯ 1162ರ ಶಾಸನವು ಆ ಮಠವನ್ನು ಬಹುವಾಗಿ ವರ್ಣಿಸಿರುವದು. ಅಲ್ಲಿ ವೇದಗಳ, ವ್ಯಾಕರಣದ, ದರ್ಶನಗಳ ಪಾಠಗಳು ನಡೆಯುತ್ತಿದ್ದವು. ರೋಗಿಗಳಿಗೆ ಆಶ್ರಯವೂ ಔಷಧೋಪಚಾರವೂ ದೊರೆಯುತ್ತಿದ್ದವು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೂ, ಕಥೆ ಹೇಳುವವರು, ಹಾಡುವವರು, ಬಾರಿಸುವವರು, ಕುಣಿಯುವವರು ಇವರಿಗೂ ನಿತ್ಯವೂ ಅನ್ನವು ದೊರೆಯುತ್ತಿತ್ತು. ಬಸವಾದಿ ಪ್ರಮಥರು ಕಲ್ಯಾಣದಲ್ಲಿದ್ದ ಕಾಲವೂ ಅದೇ. ಆ ಔದಾರ್ಯವು ಕೊಂಡಾಡತಕ್ಕದ್ದೇ ಸರಿ. ಆದರೆ ಶಾಸನದ ಸಾಲುಗಳನ್ನು ನಿಧಾನಿಸಿ ನೋಡಿದರೆ ಒಂದು ಸಂಗತಿಯು ಹೊಳೆಯುವದು. ಅಲ್ಲಿ ಕುರುಡನು ಒಂದು ಸಾಲಿನಲ್ಲಿರುವನು. ಹಾಡುಗಾರನು ಮತ್ತೊಂದು ಸಾಲಿನಲ್ಲಿರುವನು. ಒಬ್ಬನು ಕರುಣೆಯಿಂದ ಉಣ್ಣುವವನು, ಇನ್ನೊಬ್ಬನು ತನ್ನ ವಿದ್ಯೆಯಿಂದ ಉಣ್ಣುವವನು. ಈ ಎರಡು ಸಾಲುಗಳು ಗದುಗಿನಲ್ಲಿ ಒಂದಾಗುವದಕ್ಕೆ ಮುಂದೆ ಏಳೂವರೆ ಶತಮಾನಗಳಿಗಿಂತಲೂ ಹೆಚ್ಚು ಕಾಲ ಬೇಕಾಯಿತು.

ಒಂದಾಗುವದಕ್ಕೆ ಬೇಕಾದ ಬೀಜವು ಶರಣರ ತತ್ವದಲ್ಲಿಯೇ ಅಡಗಿದ್ದಿತು. ಶರಣಧರ್ಮದಲ್ಲಿ ಕಾಯಕವಿಲ್ಲದೆ ದಾಸೋಹವಿಲ್ಲ. ಮಾಡುವ ಕಾಯಕದಲ್ಲಿ ಮೇಲು ಕೀಳಿಲ್ಲ. ಆದರೆ ಕಾಯಕವನ್ನು ಮಾಡುವ ಹಕ್ಕು ಎಲ್ಲರಿಗೂ ಉಂಟು. ಒಬ್ಬನನ್ನು ಜೀವಮಾನವೆಲ್ಲ ಬರಿಯ ಬೇಡುವವನನ್ನಾಗಿ ಮಾಡುವದೆಂದರೆ, ದಾಸೋಹ ಮಾಡುವ ಭಾಗ್ಯದಿಂದ ಅವನನ್ನು ದೂರ ಮಾಡಿದಂತೆಯೇ ಆಯಿತು. ಇಷ್ಟಲಿಂಗದ ಉಪಾಸನೆಯಲ್ಲಿಯೂ ಈ ಅರ್ಥವೇ ಇರುವದು. ಸ್ಥಾವರ ದೇವಾಲಯದಲ್ಲಿ ದೂರ ನಿಂತು ನೋಡುವದೇ ದರ್ಶನವಾದರೆ, ಕಣ್ಣಿಲ್ಲದವನಿಗೆ ಇತರರ ಮಾತೇ ಆಧಾರವಾಗುವದು. ಇಷ್ಟಲಿಂಗವಾದರೋ ಅಂಗೈಯಲ್ಲಿಯೇ ಇರುವಂಥಾದ್ದು. ದೃಷ್ಟಿಯನ್ನು ನಿಲ್ಲಿಸುವ ಅಭ್ಯಾಸವೊಂದನ್ನು ಬಿಟ್ಟರೆ, ಮಜ್ಜನಕ್ಕೆರೆಯುವದು, ವಿಭೂತಿಯನ್ನು ಧರಿಸುವದು, ಪತ್ರಿಯನ್ನೇರಿಸುವದು, ಮಂತ್ರವನ್ನು ಜಪಿಸುವದು ಇವೆಲ್ಲವೂ ಕೈಗೂ ನಾಲಗೆಗೂ ಮನಸ್ಸಿಗೂ ಸೇರಿದ ಕ್ರಿಯೆಗಳು. ಅಂಧ ಬಾಲಕನು ಇವನ್ನು ಪರಾವಲಂಬನವಿಲ್ಲದೆ ಮಾಡಬಲ್ಲನು. ತತ್ವವು ಹೀಗಿದ್ದರೂ ಆಚರಣೆಯು ಹಿಂದೆಯೇ ಉಳಿದಿದ್ದಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಹಳ್ಳಿಗಳಲ್ಲಿ ಅಂಧ ಮಕ್ಕಳ ಸ್ಥಿತಿಯು ಶೋಚನೀಯವಾಗಿದ್ದಿತು. ಸಿಡುಬಿನ ಬೇನೆಯು ಕೊಲ್ಲದೆ ಬಿಟ್ಟ ಮಕ್ಕಳಲ್ಲಿ ಅನೇಕರ ಕಣ್ಣುಗಳನ್ನು ಕಳೆಯುತ್ತಿತ್ತು. ಬರಗಾಲದಲ್ಲಿ ಸತ್ವವುಳ್ಳ ಆಹಾರವಿಲ್ಲದೆ ಕಣ್ಣು ಕಳೆದುಕೊಂಡವರೂ ಇದ್ದರು. ಇದನ್ನು ಪೂರ್ವಜನ್ಮದ ಕರ್ಮವೆಂದು ತಿಳಿದು ತಂದೆತಾಯಿಗಳು ಎದೆಗುಂದುತ್ತಿದ್ದರು. ಅಂಥ ಮಗುವನ್ನು ಮದುವೆ ಮುಂಜಿಗಳಿಗೆ ಕರೆದೊಯ್ಯುತ್ತಿರಲಿಲ್ಲ. ಎದುರಿಗೆ ಬಂದರೆ ಅಪಶಕುನವೆಂದು ಹೇಳುವವರೂ ಇದ್ದರು. ದೊಡ್ಡವನಾದ ಮೇಲೆ ಜಾತ್ರೆಯ ಹಾದಿಯಲ್ಲಿ ಬಟ್ಟೆ ಹಾಸಿ ಕುಳಿತುಕೊಳ್ಳುವದೇ ಅವನಿಗೆ ಉಳಿದ ವೃತ್ತಿಯಾಗಿದ್ದಿತು.

ಅದೇ ಕಾಲದಲ್ಲಿ ಅಂಧರ ವಿದ್ಯಾಭ್ಯಾಸದ ಹೊಸ ಪ್ರಯತ್ನಗಳು ಲೋಕದಲ್ಲಿ ಆರಂಭವಾಗಿದ್ದವು. ಫ್ರಾನ್ಸ್ ದೇಶದ ಪ್ಯಾರಿಸ್ ಪಟ್ಟಣದಲ್ಲಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವ್ಯಾಲೆಂಟಿನ್ ಹಾಯ್ ಎಂಬ ಮಹನೀಯನು ಅಂಧರ ಪಾಠಶಾಲೆಯನ್ನು ತೆರೆದನು. ಆ ಶಾಲೆಯಲ್ಲಿಯೇ ಕಲಿತ ಲೂಯಿ ಬ್ರೈಲ್ ಎಂಬ ಅಂಧನು ಉಬ್ಬು ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ ಓದುವ ಲಿಪಿಯನ್ನು ಕಲ್ಪಿಸಿ 1829ರಲ್ಲಿ ಪ್ರಕಟಿಸಿದನು. ಭಾರತದಲ್ಲಿ 1887ರಲ್ಲಿ ಅಮೃತಸರದಲ್ಲಿ ಅಂಧರ ಶಾಲೆಯು ಆರಂಭವಾಯಿತು. ಮೈಸೂರಿನಲ್ಲಿ 1901ರಲ್ಲಿ ಅಂಧರಿಗೂ ಕಿವುಡ ಮೂಕರಿಗೂ ಶಾಲೆಯು ಸ್ಥಾಪಿತವಾಯಿತು. ಈ ಶಾಲೆಗಳ ಉಪಕಾರವು ದೊಡ್ಡದು. ಆದರೆ ಅವು ಅಂಗವಿಕಲ ಮಕ್ಕಳಿಗಾಗಿಯೇ ಪ್ರತ್ಯೇಕವಾಗಿದ್ದವು. ಉಳಿದ ಮಕ್ಕಳೊಡನೆ, ಊರ ಜನರ ನಡುವೆ ಬೆರೆತು ಬೆಳೆಯುವ ದಾರಿಯು ಬೇರೆಯಾಗಿಯೇ ಹುಟ್ಟಬೇಕಾಗಿದ್ದಿತು.

ಆ ದಾರಿಯನ್ನು ತೋರಿಸಿದವರು ಪ್ರಾತಃಸ್ಮರಣೀಯರಾದ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು. 1867ರಲ್ಲಿ ಅವತರಿಸಿದ ಈ ಮಹಾತ್ಮರು 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೂ, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರದ ಸ್ಥಾಪನೆಗೂ ಕಾರಣರಾದುದು ಸರ್ವವಿದಿತವು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ ನೀಲಮ್ಮನವರೆಂಬ ದಂಪತಿಗಳಿಗೆ ಗುರುಬಸಯ್ಯ, ಗದಿಗೆಯ್ಯ ಎಂಬ ಇಬ್ಬರು ಮಕ್ಕಳಿದ್ದರು. ಇಬ್ಬರೂ ಹುಟ್ಟು ಕುರುಡರು. ಇಬ್ಬರ ಕಂಠವೂ ಮಧುರವಾಗಿದ್ದಿತು. ಕುಮಾರಸ್ವಾಮಿಗಳವರು ಆ ಮಕ್ಕಳ ಕಣ್ಣನ್ನು ನೋಡಿ ಮರುಗಿ ಸುಮ್ಮನಾಗಲಿಲ್ಲ; ಅವರ ಕಂಠವನ್ನು ಕೇಳಿ, ಇವರಿಗೆ ಸಂಗೀತವಿದ್ಯೆಯೇ ದಾರಿಯೆಂದು ನಿಶ್ಚಯಿಸಿ, ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಇಲ್ಲದುದನ್ನು ಎಣಿಸದೆ ಇದ್ದುದನ್ನು ಎಣಿಸಿದ ಈ ದೃಷ್ಟಿಯೇ ಮುಂದಿನ ಎಲ್ಲ ಕಾರ್ಯಕ್ಕೂ ಮೂಲವಾಯಿತು. 1892ರ ಫೆಬ್ರುವರಿ 2ರಂದು ಜನಿಸಿದ ಗದಿಗೆಯ್ಯನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳೆಂದು ಪ್ರಸಿದ್ಧರಾದವರು.

ಸ್ವಾಮಿಗಳವರು ಬಾಲಕನನ್ನು ಭಜನೆಯ ಹಾಡುಗಳಲ್ಲಿಯೇ ನಿಲ್ಲಿಸಲಿಲ್ಲ. ಅಂಧನಿಗೆ ಇಷ್ಟು ಸಾಕೆಂಬ ಮಾತು ಅವರಲ್ಲಿರಲಿಲ್ಲ. ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಶಿಕ್ಷಣವಾಯಿತು. ತರುವಾಯ ನೀಲಕಂಠಬುವಾ ಮಿರಜಕರರಲ್ಲಿ ಹಿಂದುಸ್ತಾನಿ ಸಂಗೀತದ ಪಾಠವಾಯಿತು. ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ವಹೀದಖಾನರಲ್ಲಿಯೂ ಅಭ್ಯಾಸವಾಯಿತು. ವೀರಶೈವ ಮಠದ ಶಿಶುವಿಗೆ ಮುಸಲ್ಮಾನ ಉಸ್ತಾದರು ವಿದ್ಯೆಯನ್ನು ಧಾರೆಯೆರೆದುದು ಸ್ಮರಣೀಯವಾದ ಸಂಗತಿ. ಉಭಯ ಪದ್ಧತಿಗಳಲ್ಲಿಯೂ ಪಾರಂಗತರಾದ ಗವಾಯಿಗಳು ಹಾಡುವದರಲ್ಲಿ ಮಾತ್ರವಲ್ಲದೆ ತಬಲಾ ಮೊದಲಾದ ವಾದ್ಯಗಳಲ್ಲಿಯೂ ನಿಪುಣರಾದರು.

ಇಷ್ಟು ವಿದ್ಯೆಯುಳ್ಳವರು ರಾಜಾಸ್ಥಾನವನ್ನು ಆಶ್ರಯಿಸಿ ಸುಖವಾಗಿರಬಹುದಾಗಿದ್ದಿತು. ಆದರೆ ಗುರುವಿನ ಸಂಕಲ್ಪವು ಬೇರೆಯಾಗಿದ್ದಿತು. ಪಡೆದ ವಿದ್ಯೆಯನ್ನು ಅಂಧರಿಗೂ ಅನಾಥರಿಗೂ ಹಣವನ್ನು ಪಡೆಯದೆ ಕಲಿಸಬೇಕೆಂಬ ವ್ರತವನ್ನು ಗವಾಯಿಗಳು ಸ್ವೀಕರಿಸಿ, ಜೀವಮಾನವೆಲ್ಲ ನಡೆಸಿದರು. ಅವರ ಪಾಠಶಾಲೆಗೆ ಬಹುಕಾಲ ಸ್ವಂತದ ಗೋಡೆಗಳೂ ಮಾಡೂ ಇರಲಿಲ್ಲ. ಶಿಷ್ಯರ ತಂಡವನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುತ್ತ, ಭಕ್ತರು ಕೊಟ್ಟುದರಿಂದ ಮಕ್ಕಳನ್ನು ಸಲಹುತ್ತ, ಇದ್ದಲ್ಲಿಯೇ ಪಾಠವನ್ನು ನಡೆಸುತ್ತಿದ್ದರು. ಒಂದು ಹೊತ್ತಿನ ಊಟಕ್ಕೆ ಇನ್ನೊಂದು ಹೊತ್ತಿಗೆ ನಂಬುಗೆಯಿಲ್ಲದ ದಿನಗಳೂ ಇದ್ದವು. 1930ರಲ್ಲಿ ಕುಮಾರಸ್ವಾಮಿಗಳವರು ಲಿಂಗೈಕ್ಯರಾದ ಮೇಲೆ ಈ ಭಾರವು ಮತ್ತಷ್ಟು ಹೆಚ್ಚಿತು.

ಬಡತನದಿಂದ ಬಂದ ಈ ಸಂಚಾರವು ಒಂದು ದೊಡ್ಡ ಲಾಭವನ್ನೂ ತಂದಿತು. ಅಂಧ ಮಕ್ಕಳು ಒಂದು ಕಟ್ಟಡದೊಳಗೆ ಕಣ್ಮರೆಯಾಗಿ ಉಳಿಯಲಿಲ್ಲ. ಊರ ಜನರು ಅವರನ್ನು ಕೀರ್ತನದ ವೇದಿಕೆಯ ಮೇಲೆ, ಪುರಾಣದ ಕಟ್ಟೆಯ ಮೇಲೆ, ಜಾತ್ರೆಯ ಮಂಟಪದಲ್ಲಿ ಕಂಡರು. ಹಾದಿಯ ಬದಿಗೆ ಕುಳಿತು ಕೈಚಾಚುವ ಅಂಧನನ್ನಷ್ಟೇ ನೋಡಿ ರೂಢಿಯಾಗಿದ್ದ ಜನರಿಗೆ, ತಂಬೂರಿಯ ಮುಂದೆ ಕುಳಿತು ರಾಗವನ್ನು ವಿಸ್ತರಿಸುವ ಅಂಧ ಬಾಲಕನು ಹೊಸ ದರ್ಶನವಾಗಿದ್ದನು. ಮನೆಯ ಮೂಲೆಯಲ್ಲಿ ಅಂಥ ಮಗುವನ್ನಿಟ್ಟುಕೊಂಡು ಕೊರಗುತ್ತಿದ್ದ ತಂದೆತಾಯಿಗಳಿಗೆ, ತಮ್ಮ ಮಗುವೂ ಹೀಗೆ ಸಭೆಯಲ್ಲಿ ಕೂಡಬಹುದೆಂಬ ಆಸೆಯು ಹುಟ್ಟುವದಕ್ಕೆ ಇಂಥ ದರ್ಶನಕ್ಕಿಂತ ಹೆಚ್ಚಿನ ಬೋಧೆಯು ಬೇಕಾಗಿರಲಿಲ್ಲ.

ಗವಾಯಿಗಳ ಶಿಷ್ಯವರ್ಗವನ್ನು ನೋಡಿದರೆ ಇನ್ನೊಂದು ವಿಶೇಷವು ಗೋಚರಿಸುವದು. ಅಲ್ಲಿ ಅಂಧರೂ ಇದ್ದರು, ಕಣ್ಣುಳ್ಳವರೂ ಇದ್ದರು. ಹಿಂದುಸ್ತಾನಿ ಸಂಗೀತದಲ್ಲಿ ಭಾರತಾದ್ಯಂತ ಕೀರ್ತಿಯನ್ನು ಪಡೆದ ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಇವರು ಅದೇ ಗುರುಕುಲದ ಕಣ್ಣುಳ್ಳ ಶಿಷ್ಯರು. ಒಬ್ಬನೇ ಗುರು, ಒಂದೇ ಪಾಠ, ಒಂದೇ ಪ್ರಸಾದದ ಪಂಕ್ತಿ. ಕಣ್ಣುಳ್ಳ ಬಾಲಕನಿಗೆ ಅಂಧನಾದ ಸಹಪಾಠಿಯು ಕನಿಕರದ ವಸ್ತುವಾಗಿರಲಿಲ್ಲ. ತನಗಿಂತ ಮೊದಲೇ ಪಾಠವನ್ನು ಒಪ್ಪಿಸುವ ಪ್ರತಿಸ್ಪರ್ಧಿಯಾಗಿರಬಹುದಾಗಿದ್ದಿತು. ಗುರುವೇ ಅಂಧನಾಗಿರುವಲ್ಲಿ ಅಂಧತ್ವವನ್ನು ಕೀಳಾಗಿ ಕಾಣುವ ಮಾತೆಲ್ಲಿಯದು? 1936ರಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ಜರುಗಿದಾಗ, ತರುಣರಾಗಿದ್ದ ಬಸವರಾಜ ರಾಜಗುರುಗಳು ಹಾಡಿದರು. ಅವರಿಗೆ ತಬಲಾ ಸಾಥಿಯನ್ನು ನೀಡಿದವರು ಸ್ವತಃ ಗುರುಗಳಾದ ಪಂಚಾಕ್ಷರ ಗವಾಯಿಗಳು. ಅಂಧನಿಗೆ ಕಣ್ಣುಳ್ಳವನು ಆಸರೆಯಾಗುವದನ್ನು ಲೋಕವು ಬಲ್ಲದು. ಆ ದಿನ ಕಣ್ಣುಳ್ಳವನಿಗೆ ಅಂಧನು ಆಸರೆಯಾದುದನ್ನು ಸಾವಿರಾರು ಜನರ ಉತ್ಸವವು ಕಂಡಿತು.

ಜೀವಿತದ ಕಡೆಯ ವರ್ಷಗಳಲ್ಲಿ ಗವಾಯಿಗಳ ಪಾಠಶಾಲೆಯು ಗದುಗಿನಲ್ಲಿ ನೆಲೆಗೊಂಡಿತು. ಬಸರಿಗಿಡದ ವೀರಪ್ಪನವರೆಂಬ ಭಕ್ತರು ಸ್ಥಳವನ್ನು ಕೊಟ್ಟು ಉಪಕರಿಸಿದರು. ಅವರ ಹೆಸರಿನ ನೆನಪಿಗಾಗಿ ವೀರೇಶ್ವರ ಪುಣ್ಯಾಶ್ರಮವೆಂಬ ನಾಮವು ಸಂದಿತು. 1944ರ ಜೂನ್ ತಿಂಗಳಲ್ಲಿ ಗವಾಯಿಗಳು ಲಿಂಗೈಕ್ಯರಾದರು. ಆಗ ಆಶ್ರಮದ ಭಾರವು ಅವರ ಪ್ರಿಯಶಿಷ್ಯರಾದ ಪುಟ್ಟರಾಜ ಗವಾಯಿಗಳ ಮೇಲೆ ಬಂದಿತು.

ಪುಟ್ಟರಾಜರು 1914ರ ಮಾರ್ಚ್ 3ರಂದು ಹಾವೇರಿ ಸೀಮೆಯ ದೇವಗಿರಿಯಲ್ಲಿ ರೇವಯ್ಯ ಸಿದ್ದಮ್ಮನವರ ಉದರದಲ್ಲಿ ಜನಿಸಿದವರು. ಹಸುಗೂಸಾಗಿದ್ದಾಗಲೇ ದೃಷ್ಟಿಯು ಹೋಯಿತು. ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನೂ ಕಳೆದುಕೊಂಡರು. ಸೋದರಮಾವನಾದ ಚಂದ್ರಶೇಖರಯ್ಯನವರು ಸಾಕಿದರು. ಮಾವನ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಮಗುವಿನ ಬೆರಳುಗಳು ಆಡುವದನ್ನು ಕಂಡು, ಇದನ್ನು ತಡೆಯಬಾರದೆಂದು ತಿಳಿದು, ಅವರು ಬಾಲಕನನ್ನು ಪಂಚಾಕ್ಷರ ಗವಾಯಿಗಳ ಬಳಿಗೆ ಒಯ್ದರು. ಒಂದು ಬಡಕುಟುಂಬದ ಸೋದರಮಾವನು ಆ ದಿನ ಬೆಲೆಯುಳ್ಳ ವಾದ್ಯವು ಕೆಟ್ಟೀತೆಂದು ಗದರಿಸಿದ್ದರೆ, ಈ ನಾಡು ಎಂಥ ನಿಧಿಯನ್ನು ಕಳೆದುಕೊಳ್ಳುತ್ತಿತ್ತೆಂಬದನ್ನು ಮಕ್ಕಳುಳ್ಳ ಪ್ರತಿಯೊಬ್ಬ ಗೃಹಸ್ಥನೂ ಆಲೋಚಿಸತಕ್ಕದ್ದು.

ಪುಟ್ಟರಾಜರು ಹಾಡುಗಾರಿಕೆಯಲ್ಲಿಯೂ, ಹಾರ್ಮೋನಿಯಂ, ತಬಲಾ, ಸಾರಂಗಿ, ವಾಯೊಲಿನ್ ಮೊದಲಾದ ವಾದ್ಯಗಳಲ್ಲಿಯೂ ಸಿದ್ಧಹಸ್ತರಾದರು. ಕನ್ನಡ, ಸಂಸ್ಕೃತ, ಹಿಂದಿ ಈ ಮೂರು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಹಿಂದಿಯಲ್ಲಿ ಬಸವಪುರಾಣವನ್ನು ಬರೆದುದು, ಬ್ರೈಲ್ ಲಿಪಿಯಲ್ಲಿ ಭಗವದ್ಗೀತೆಯನ್ನು ಸಿದ್ಧಪಡಿಸಿದುದು ಅವರ ಶ್ರಮಕ್ಕೆ ಸಾಕ್ಷಿಯಾಗಿರುವವು. ಗುರುಗಳ ಹೆಸರಿನಲ್ಲಿ ನಾಟ್ಯಸಂಘವನ್ನು ನಡೆಸಿ, ಅದರಿಂದ ಬಂದ ಹಣವನ್ನು ಆಶ್ರಮದ ಮಕ್ಕಳ ಅನ್ನಕ್ಕೆ ಒದಗಿಸಿದರು. ಭಕ್ತರು ಊರೂರುಗಳಲ್ಲಿ ನಡೆಯಿಸಿದ ತುಲಾಭಾರಗಳ ದ್ರವ್ಯವೂ ಅದೇ ಕಾರ್ಯಕ್ಕೆ ಸಂದಿತು. ಕಣ್ಣುಳ್ಳ ಪಂಡಿತ ವೆಂಕಟೇಶಕುಮಾರರಂಥ ಗಾಯಕರು ಇವರ ಪಾದದಡಿಯಲ್ಲಿಯೇ ಕಲಿತು ಬೆಳೆದವರು. 2010ರಲ್ಲಿ ಭಾರತ ಸರಕಾರವು ಪುಟ್ಟರಾಜರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. ಅದೇ ವರ್ಷದ ಸಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು.

ಶೈವಾಗಮಗಳು ಆಚಾರ್ಯಲಕ್ಷಣವನ್ನು ಹೇಳುವಾಗ ಅಂಗಪೂರ್ಣತೆಯನ್ನು ಅಪೇಕ್ಷಿಸಿರುವದು ಪಾಠಶಾಲೆಯಲ್ಲಿ ಓದಿದವರಿಗೆಲ್ಲ ತಿಳಿದ ವಿಷಯವೇ. ಆದರೆ 1944ರಿಂದ 2010ರವರೆಗೆ 66 ವರ್ಷಗಳ ಕಾಲ ಆ ಆಶ್ರಮದ ಗುರುಸ್ಥಾನದಲ್ಲಿ ಕುಳಿತವರು ಕಣ್ಣಿಲ್ಲದವರು. ಅವರ ಪಾದಕ್ಕೆರಗಿದವರು ಲಕ್ಷಾವಧಿ ಜನರು. ಶಾಸ್ತ್ರದ ಮಾತನ್ನು ಯಾರೂ ವಾದದಿಂದ ಖಂಡಿಸಲಿಲ್ಲ. ಜ್ಞಾನವೇ ಗುರುವಿನ ಪೂರ್ಣಾಂಗವೆಂಬದನ್ನು ಜನರು ತಮ್ಮ ನಮಸ್ಕಾರದಿಂದಲೇ ನಿರ್ಣಯಿಸಿದರು. ಪಾಲಿಲ್ಲವೆಂದು ಹೇಳಿಸಿಕೊಂಡವರು ಪಾಲನ್ನು ಪಡೆದುದು ಮಾತ್ರವಲ್ಲ, ಇತರರಿಗೆ ಪಾಲನ್ನು ಹಂಚುವವರಾದರು.

ಈ ಸಿದ್ಧಿಯ ಕಾರಣವನ್ನು ವಿಚಾರಿಸಿದರೆ ಮೂರು ಸಂಗತಿಗಳು ಮುಖ್ಯವಾಗಿ ತೋರುವವು. ಮೊದಲನೆಯದು, ವಿದ್ಯೆಯ ಆಯ್ಕೆ. ಗುರುಮುಖದಿಂದ ಕೇಳಿ ಕಂಠಸ್ಥ ಮಾಡುವದೇ ಸಂಗೀತದ ಪುರಾತನ ಕ್ರಮ. ಅಲ್ಲಿ ಕಣ್ಣಿಗಿಂತ ಕಿವಿಯೇ ಹೆಚ್ಚು. ತಬಲೆಯ ಮೇಲೆ ಕೈಯಿಡುವ ಸ್ಥಾನವನ್ನು ಗುರುವು ಶಿಷ್ಯನ ಕೈ ಹಿಡಿದು ಸ್ಪರ್ಶದಿಂದಲೇ ತಿಳಿಸಬಲ್ಲನು. ಎರಡನೆಯದು, ಕಲಿತ ವಿದ್ಯೆಗೆ ಊರಲ್ಲಿ ಸ್ಥಾನವಿದ್ದುದು. ಶ್ರಾವಣದ ಪುರಾಣ, ಜಾತ್ರೆಯ ಕೀರ್ತನ, ಮಠದ ಭಜನೆ, ಮದುವೆಯ ಹಾಡು ಇವೆಲ್ಲಕ್ಕೂ ಗಾಯಕರು ಬೇಕೇ ಬೇಕು. ಆದುದರಿಂದ ಕಲಿತವನು ಕೆಲಸವಿಲ್ಲದೆ ಉಳಿಯಲಿಲ್ಲ. ಮೂರನೆಯದು, ಎಲ್ಲಕ್ಕೂ ಮಿಗಿಲಾದುದು, ಬೆರೆತು ಬಾಳಿದುದು. ಅಂಧರು ಒಂದು ಕಡೆ, ಕಣ್ಣುಳ್ಳವರು ಒಂದು ಕಡೆ ಎಂಬ ಭೇದವನ್ನು ಆ ಗುರುಕುಲವು ಮಾಡಲಿಲ್ಲ.

ಹೀಗೆಂದು ಸಂಗೀತವೊಂದೇ ಎಲ್ಲ ಮಕ್ಕಳಿಗೂ ದಾರಿಯೆಂದು ತಿಳಿಯಲಾಗದು. ಅಂಧರೆಲ್ಲರಿಗೂ ಕಂಠಮಾಧುರ್ಯವಿರುವದಿಲ್ಲ, ಕಿವಿ ಕೇಳದ ಮಗುವಿಗೆ ಸಂಗೀತದಿಂದೇನು ಪ್ರಯೋಜನ? ಬುದ್ಧಿಯು ನಿಧಾನವಾಗಿ ಬೆಳೆಯುವ ಮಗುವಿಗೆ ಬೇರೆ ಕ್ರಮ ಬೇಕು. ಗದುಗಿನಿಂದ ಕಲಿಯತಕ್ಕದ್ದು ರಾಗತಾಳಗಳನ್ನಲ್ಲ; ಮಗುವಿನಲ್ಲಿ ಇದ್ದುದನ್ನು ಗುರುತಿಸಿ, ಅದಕ್ಕೆ ತಕ್ಕ ಕಾಯಕವನ್ನು ಕೊಟ್ಟು, ಎಲ್ಲರ ನಡುವೆ ಕೂಡ್ರಿಸುವ ರೀತಿಯನ್ನು. ರಾಜ್ಯಶಾಸನವೂ ಈಗ ಇದೇ ಮಾತನ್ನಾಡುತ್ತಿರುವದು. ಭಾರತದ ಸಂಸತ್ತು 1995ರಲ್ಲಿ ಅಂಗವಿಕಲರ ಸಮಾನ ಅವಕಾಶಗಳಿಗಾಗಿ ಶಾಸನವನ್ನು ಮಾಡಿತು. ಅದರ ಸ್ಥಾನದಲ್ಲಿ 2016ರಲ್ಲಿ ಹೊಸ ಶಾಸನವು ಬಂದು, 21 ಬಗೆಯ ವೈಕಲ್ಯಗಳನ್ನು ಹೆಸರಿಸಿ, ವೈಕಲ್ಯವುಳ್ಳ ಮಕ್ಕಳೂ ಇಲ್ಲದ ಮಕ್ಕಳೂ ಒಟ್ಟಿಗೆ ಕಲಿಯುವದೇ ಯೋಗ್ಯ ಶಿಕ್ಷಣವೆಂದು ಸಾರಿತು. ಶಾಸನವು ನಿಗದಿ ಮಾಡಿದ ಪ್ರಮಾಣದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಾಗಲಿ, ಬಯಸಿದರೆ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕು ಅದರಿಂದ ದೊರೆತಿರುವದು.

ಆದರೆ ಶಾಸನವು ಶಾಲೆಯ ಬಾಗಿಲನ್ನು ತೆರೆಯಬಲ್ಲದು. ಊರಿನ ಮನಸ್ಸನ್ನು ತೆರೆಯುವದು ಭಕ್ತರ ಕಾರ್ಯ. ಮಠದ ಮೆಟ್ಟಿಲುಗಳ ಪಕ್ಕದಲ್ಲಿ ಗಾಲಿಕುರ್ಚಿಯು ಏರುವಂತೆ ಇಳಿಜಾರನ್ನು ಕಟ್ಟಿಸುವದು ಹೆಚ್ಚಿನ ವೆಚ್ಚದ ಮಾತಲ್ಲ. ಭಜನೆಯ ಮೇಳದಲ್ಲಿ ಅಂಧ ಬಾಲಕನಿಗೆ ತಾಳವನ್ನು ಕೊಡಬಹುದು. ಕಿವಿ ಕೇಳದ ಬಾಲಕಿಗೆ ಪತ್ರಿಪುಷ್ಪಗಳನ್ನು ಅಣಿಗೊಳಿಸುವ, ರಂಗವಲ್ಲಿಯನ್ನಿಡುವ ಸೇವೆಯನ್ನು ಸನ್ನೆಯಿಂದ ತೋರಿಸಿ ಒಪ್ಪಿಸಬಹುದು. ನಡೆಯಲಾರದ ಹುಡುಗನು ದಾಸೋಹದ ಕಾಯಿಪಲ್ಯವನ್ನು ಹೆಚ್ಚುವವರ ನಡುವೆ ಕುಳಿತು ತಾನೂ ಹೆಚ್ಚಬಲ್ಲನು. ನಿಧಾನಬುದ್ಧಿಯ ಮಗುವು ಪಂಕ್ತಿಯಲ್ಲಿ ಎಲೆಯನ್ನು ಹಾಕಬಲ್ಲದು. ಸೇವೆಯನ್ನು ಒಪ್ಪಿಸಿದ ಮೇಲೆ ತಪ್ಪಿದರೆ ತಿದ್ದಬೇಕು, ಚೆನ್ನಾದರೆ ಎಲ್ಲರಂತೆಯೇ ಮೆಚ್ಚಬೇಕು. ಅತಿಯಾದ ಹೊಗಳಿಕೆಯೂ ಒಂದು ಬಗೆಯ ಅಣಕವೆಂಬದನ್ನು ಅರ್ಥಶಾಸ್ತ್ರಕಾರನು ಆಗಲೇ ಎಚ್ಚರಿಸಿರುವನು. ತಂದೆತಾಯಿಗಳು ಅಂಥ ಮಗುವನ್ನು ಮನೆಯಲ್ಲಿ ಬಿಟ್ಟು ಬಂದರೆ, ಏಕೆ ಕರೆತರಲಿಲ್ಲವೆಂದು ನೆರೆಯವರು ಪ್ರೀತಿಯಿಂದ ಕೇಳಬೇಕು. ಆ ಒಂದು ಪ್ರಶ್ನೆಯೇ ಎಷ್ಟೋ ಮನೆಗಳ ಮುಚ್ಚಿದ ಬಾಗಿಲನ್ನು ತೆರೆಯುವದು.

ಹಾನಗಲ್ಲ ಕುಮಾರಸ್ವಾಮಿಗಳವರು ಕಾಡಶೆಟ್ಟಿಹಳ್ಳಿಯ ಮಕ್ಕಳಿಗೆ ಒಂದು ಹಿಡಿ ಅಕ್ಕಿಯನ್ನು ಕೊಟ್ಟು ಹರಸಿ ಮುಂದೆ ಹೋಗಿದ್ದರೂ ಲೋಕವು ಅವರನ್ನು ದಯಾಳುಗಳೆಂದೇ ಕರೆಯುತ್ತಿತ್ತು. ಅವರು ಅಷ್ಟಕ್ಕೆ ತೃಪ್ತರಾಗಲಿಲ್ಲವಾದುದರಿಂದ ಕನ್ನಡ ನಾಡಿಗೆ ಪಂಚಾಕ್ಷರ ಗವಾಯಿಗಳು ದೊರೆತರು, ಪುಟ್ಟರಾಜರು ದೊರೆತರು, ಸಾವಿರಾರು ಮಕ್ಕಳಿಗೆ ಬಾಳು ದೊರೆಯಿತು. ಪ್ರತಿಯೊಂದು ಊರಿನಲ್ಲಿಯೂ ಅಂಥ ಮಕ್ಕಳು ಈಗಲೂ ಇರುವರು. ಅವರ ಕಡೆಗೆ ಮಠದ ಭಕ್ತರ ದೃಷ್ಟಿಯು ತಿರುಗಲಿ. ಪ್ರಸಾದದ ಪಂಕ್ತಿಯಲ್ಲಿಯೂ ಸೇವೆಯ ಪಂಕ್ತಿಯಲ್ಲಿಯೂ ಅವರಿಗೊಂದು ಸ್ಥಾನವು ದೊರೆಯಲಿ. ಸರ್ವರಿಗೂ ಸನ್ಮಂಗಳವಾಗಲಿ.